ಆಡಿದರೆ ತಾನೇ ಆಡುಮಾತು

ಕನ್ನಡದ ‘ಆಡು’ ಎಂಬ ಕ್ರಿಯಾಪದಕ್ಕೆ ಎರಡು ಮುಖ್ಯ ಅರ್ಥಗಳಿವೆ. ಮಕ್ಕಳು ಆಟ ಆಡುತ್ತಾರೆ, ಎಲ್ಲರೂ ಮಾತು ಆಡುತ್ತಾರೆ. ದಿನಬಳಕೆಯ ಭಾಷೆಗೆ ಆಡುಮಾತು ಎಂದೇ ಹೆಸರು. ಜಗಳ ಆಡುವುದು, ಸುಳ್ಳಾಡುವುದು, ನಾಟಕ ಆಡುವುದು ಎಲ್ಲವೂ ಇದೇ ಪದದ ಆಸರೆಯಲ್ಲಿವೆ. ಹಿಂದಿಯಲ್ಲಿ ಖೇಲ್‌ನಾ ಬೇರೆ, ಬೋಲ್‌ನಾ ಬೇರೆ. ಮರಾಠಿಯಲ್ಲೂ ಆಟಕ್ಕೊಂದು, ಮಾತಿಗೊಂದು ಕ್ರಿಯಾಪದ ಇದೆ. ಒಂದು ಪದಕ್ಕೆ ಎರಡು ಅರ್ಥ ಇದ್ದ ಮಾತ್ರಕ್ಕೆ ಅದನ್ನು ಬಳಸುವ ಜನ ಎರಡನ್ನೂ ಒಂದೇ ಎಂದು ಭಾವಿಸುತ್ತಾರೆ ಎನ್ನಲಾಗದು. ಆದರೂ ಕರ್ನಾಟಕದ ಹೊರಗಿರುವ ಕನ್ನಡದ ಮನೆಗಳಿಗೆ ಈ ಪದ ಒಂದು ಸತ್ಯವನ್ನು ನೆನಪಿಸುತ್ತದೆ: ಮಗು ಯಾವ ಭಾಷೆಯಲ್ಲಿ ಆಟ ಆಡುತ್ತದೋ ಆ ಭಾಷೆಯಲ್ಲಿಯೇ ಅದಕ್ಕೆ ಮಾತು ಸಲೀಸಾಗಿ ಬರುತ್ತದೆ.

ಈ ಮನೆಗಳಲ್ಲಿ ಮಗುವಿನೊಂದಿಗೆ ಕನ್ನಡದಲ್ಲಿ ಆಡುವವರು ಯಾರು? ಶಾಲೆಯ ಗೆಳೆಯರು, ಅಪಾರ್ಟ್‌ಮೆಂಟಿನ ಅಂಗಳದ ಮಕ್ಕಳು ಹಿಂದಿ, ಮರಾಠಿ, ತಮಿಳು, ತೆಲುಗು, ಇಂಗ್ಲಿಷ್ ಆಡುವವರು. ಅಪ್ಪ-ಅಮ್ಮ ಸಂಜೆ ಮನೆ ಸೇರುವಷ್ಟರಲ್ಲಿ ಬಸವಳಿದಿರುತ್ತಾರೆ. ಉಳಿಯುವವರು ಊರಿಂದ ಬಂದ ಅಜ್ಜ-ಅಜ್ಜಿ. ಹೊರನಾಡಿನ ಅನೇಕ ಮನೆಗಳಲ್ಲಿ ಮಗುವಿನ ಕನ್ನಡ ಇವರಿಬ್ಬರನ್ನೇ ನೆಚ್ಚಿಕೊಂಡಿದೆ. ಆದರೆ ಆ ಮನೆಗಳು ಅವರಿಗೆ ಆಡಲು ಬಿಡುವು ಕೊಡುತ್ತಿಲ್ಲ. ಆಟದ ಹೆಸರಿನಲ್ಲಿ ಕೆಲಸ ಕೊಡುತ್ತಿವೆ. ಮೊಮ್ಮಕ್ಕಳಿಗೆ ಕನ್ನಡ ಬರುತ್ತಿಲ್ಲ ಎಂಬ ಕೊರಗಿಗೂ ಅಜ್ಜ-ಅಜ್ಜಿಯ ದಣಿವಿಗೂ ಇಲ್ಲಿ ಮೂಲ ಒಂದೇ.

ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಒಂದು ಏರ್ಪಾಟು ಈಗ ರೂಢಿಯಾಗಿದೆ. ಮೂರು ತಿಂಗಳು ಹೆಣ್ಣಿನ ಕಡೆಯವರು, ಮೂರು ತಿಂಗಳು ಗಂಡಿನ ಕಡೆಯವರು, ಹೀಗೆ ಸರದಿ. ಊರಿನ ಮನೆಗೆ ಬೀಗ ಹಾಕಿ, ತುಳಸಿ ಗಿಡಕ್ಕೆ ನೀರು ಹಾಕುವ ಜವಾಬ್ದಾರಿಯನ್ನು ಪಕ್ಕದ ಮನೆಗೆ ಒಪ್ಪಿಸಿ, ಮೂರು ತಿಂಗಳಿಗಾಗುವಷ್ಟು ಬಿಪಿ ಮಾತ್ರೆ ಕಟ್ಟಿಕೊಂಡು ಹಿರಿಯರು ರೈಲು ಹತ್ತುತ್ತಾರೆ. ಬೀದಿಯವರು ಕೇಳಿದರೆ ‘ಮೊಮ್ಮಕ್ಕಳನ್ನ ಆಡಿಸೋಕೆ ಹೋಗಿದಾರೆ’ ಎಂಬ ಉತ್ತರ ಸಿಗುತ್ತದೆ. ಮಗನ ಆಫೀಸಿನವರು ಕೇಳಿದರೂ ಅದೇ ಉತ್ತರ. ಹೇಳುವವರಿಗೂ ಕೇಳುವವರಿಗೂ ಅದರಲ್ಲಿ ಒಂದು ಸುಖವಿದೆ. ಮುಪ್ಪಿನಲ್ಲಿ ಮೊಮ್ಮಕ್ಕಳ ಜೊತೆ ಆಡುವುದಕ್ಕಿಂತ ಇನ್ನೇನು ಬೇಕು?

ಈ ‘ಆಡಿಸುವುದು’ ದಿನದ ಲೆಕ್ಕದಲ್ಲಿ ಏನೆಂದು ನೋಡಬೇಕು. ಬೆಳಿಗ್ಗೆ ಆರಕ್ಕೆ ಟಿಫಿನ್ ಡಬ್ಬಿ. ಏಳೂವರೆಗೆ ದೊಡ್ಡ ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವುದು. ಆಮೇಲೆ ಚಿಕ್ಕದಕ್ಕೆ ಸ್ನಾನ, ತಿಂಡಿ, ಪ್ಲೇಸ್ಕೂಲು. ನಡುವೆ ಕುಕ್ಕರು, ವಾಷಿಂಗ್ ಮಷಿನ್, ಕೆಲಸದವಳ ಬರವು-ಹೋಗುವಿಕೆ, ಕೊರಿಯರ್ ಹುಡುಗನ ಓಟಿಪಿ. ಹನ್ನೆರಡೂವರೆಗೆ ಚಿಕ್ಕದನ್ನು ಕರೆತಂದು ಉಣ್ಣಿಸಿ ಮಲಗಿಸುವುದು. ಮೂರಕ್ಕೆ ಮತ್ತೆ ಬಸ್ಸು. ನಾಲ್ಕೂವರೆಗೆ ಕರಾಟೆ, ಇಲ್ಲವೇ ಅಬ್ಯಾಕಸ್. ಸಂಜೆ ಹೋಂವರ್ಕು. ಇದರಲ್ಲಿ ಆಟ ಎಂದು ಕರೆಯಬಹುದಾದ ಸಮಯ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಆ ಅರ್ಧ ಗಂಟೆಯಲ್ಲಿ ಅಜ್ಜ ಸೋಫಾದಲ್ಲಿ ತೂಕಡಿಸುತ್ತಾರೆ, ಪಕ್ಕದಲ್ಲಿ ಮಗು ಫೋನು ನೋಡುತ್ತದೆ. ಯಾರನ್ನೂ ದೂರುವಂತಿಲ್ಲ. ಅಜ್ಜನಿಗೆ ಸುಸ್ತು, ಮಗುವಿಗೆ ಬೇಜಾರು.

ಇಂಥ ದಿನದಲ್ಲಿ ಮಗುವಿನ ಕಿವಿಗೆ ಕನ್ನಡ ಬೀಳುವುದಿಲ್ಲ ಎಂದಲ್ಲ, ಬೇಕಾದಷ್ಟು ಬೀಳುತ್ತದೆ. ‘ಎದ್ದೇಳು. ಹಲ್ಲುಜ್ಜು. ಬೇಗ ತಿನ್ನು. ಶೂ ಹಾಕ್ಕೋ. ಬಸ್ ಬಂತು ನೋಡು. ಅಲ್ಲಿಗೆ ಹೋಗ್ಬೇಡ. ಫೋನ್ ಇಡು. ಇನ್ನೊಂದು ತುತ್ತು.’ ಇದು ಆಜ್ಞೆಯ ಕನ್ನಡ. ಇದಕ್ಕೆ ಉತ್ತರ ಕೊಡಲು ಬಾಯಿ ಬೇಕಾಗಿಲ್ಲ. ಕೈಕಾಲು ಆಡಿಸಿದರೆ ಸಾಕು, ಹೆಚ್ಚೆಂದರೆ ‘ನಹೀ’ ಎಂದು ತಲೆ ಅಲ್ಲಾಡಿಸಿದರೆ ಆಯಿತು. ಹೀಗೆ ಬೆಳೆದ ಮಗುವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡಲು ಮಾತ್ರ ಬರುವುದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗಳು ಹಿಂದಿಯಲ್ಲಿ ಹೇಳುತ್ತಾಳೆ. ಭಾಷಾವಿಜ್ಞಾನಿಗಳು ಇದನ್ನು ಗ್ರಹಿಕೆಗೆ ಸೀಮಿತವಾದ ದ್ವಿಭಾಷಿಕತೆ ಎನ್ನುತ್ತಾರೆ. ಮನೆಯವರು ‘ಅರ್ಥ ಆಗುತ್ತೆ, ಮಾತಾಡಲ್ಲ ಅಷ್ಟೇ’ ಎನ್ನುತ್ತಾರೆ. ಆ ‘ಅಷ್ಟೇ’ ಚಿಕ್ಕದಲ್ಲ. ಕೇಳಿಸಿಕೊಳ್ಳಲು ಮಾತ್ರ ಬರುವ ಭಾಷೆಯನ್ನು ಆ ಮಗು ಮುಂದೆ ತನ್ನ ಮಕ್ಕಳಿಗೆ ಕೊಡಲಾರದು. ಹೊರನಾಡಿನ ಒಂದು ಮನೆಯಲ್ಲಿ ಭಾಷೆ ನಿಂತುಹೋಗಲು ಮೂರು ತಲೆಮಾರು ಸಾಕು. ಅಜ್ಜಿ ಆಡಿದಳು, ಮಗಳು ಆಡಿಯೂ ಆಡದಂತಿದ್ದಳು, ಮೊಮ್ಮಗಳು ಕೇಳಿಸಿಕೊಂಡಳು. ಅಲ್ಲಿಗೆ ಮುಗಿಯಿತು.

ಆಟದಲ್ಲಿ ಹೀಗಾಗುವುದಿಲ್ಲ. ಆಟ ನಡೆಯಬೇಕಾದರೆ ಮಗು ಬಾಯಿ ಬಿಡಲೇಬೇಕು. ‘ನನ್ನ ಸರದಿ’ ಎನ್ನಬೇಕು. ‘ಹಾಗಲ್ಲ, ಹೀಗೆ’ ಎನ್ನಬೇಕು. ‘ಈಗ ನೀನು ಕಳ್ಳ, ನಾನು ಪೊಲೀಸು’ ಎಂದು ಪಾತ್ರ ಹಂಚಬೇಕು. ‘ಅಲ್ಲಿಗೆ ಬಂದ್ರೆ ಕಡೀತೀನಿ’ ಎಂದು ಹೆದರಿಸಬೇಕು, ಸೋತಾಗ ‘ಇನ್ನೊಂದು ಸಲ’ ಎಂದು ಗೋಗರೆಯಬೇಕು, ಗೆದ್ದಾಗ ಜಂಭ ಕೊಚ್ಚಿಕೊಳ್ಳಬೇಕು. ಷರತ್ತು, ನಿಷೇಧ, ಪ್ರಶ್ನೆ, ಹಿಂದೆ ನಡೆದದ್ದರ ವರದಿ, ಮುಂದೆ ಮಾಡುವುದರ ಬೆದರಿಕೆ, ಹೀಗೆ ವ್ಯಾಕರಣದ ಪುಸ್ತಕದ ಬಹುಪಾಲು ಒಂದು ಜಗಳದಲ್ಲಿ ಬಂದುಹೋಗುತ್ತದೆ. ಆಜ್ಞೆಯಲ್ಲಿ ದೊಡ್ಡವರು ಮಾತ್ರ ಮಾತಾಡುತ್ತಾರೆ. ಆಟದಲ್ಲಿ ಮಗುವಿಗೂ ಅಷ್ಟೇ ಪಾಲು.

ಇಂಥ ಒಂದು ದಿನ ಹೇಗಿರುತ್ತದೆ ಎಂದು ತಿಳಿಯಲು ಪುಣೆಯ ವಾಕಡ್ ಕಡೆಯ ಒಂದು ಫ್ಲ್ಯಾಟನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮೈಸೂರಿನಿಂದ ಬಂದ ತಾತ, ಅಜ್ಜಿ. ಏಳು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ. ಶನಿವಾರ. ಮಗಳು-ಅಳಿಯ ಗೆಳೆಯರ ಮನೆಯ ಮದುವೆಗೆಂದು ಬೆಳಿಗ್ಗೆಯೇ ಮುಂಬೈಗೆ ಹೊರಟಿದ್ದಾರೆ, ಬರುವುದು ರಾತ್ರಿ. ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ: ಹತ್ತಕ್ಕೆ ಹಣ್ಣು, ಹನ್ನೊಂದಕ್ಕೆ ವರ್ಕ್‌ಶೀಟು, ಒಂದಕ್ಕೆ ಊಟ, ಹೀಗೆ ಸಂಜೆಯವರೆಗೆ. ಅಡುಗೆಗೆ ಅವತ್ತು ರಜೆ. ಪುಳಿಯೋಗರೆ ಗೊಜ್ಜು ಊರಿಂದಲೇ ಬಂದಿದೆ, ಅನ್ನ ಮಾಡಿಕೊಂಡರೆ ಆಯಿತು. ಅಜ್ಜಿ ಪಟ್ಟಿಯನ್ನು ತೆಗೆದು ಓದಿ, ಅದರ ಹಿಂಬದಿ ಖಾಲಿ ಇರುವುದನ್ನು ಕಂಡು, ಅಂಕ ಬರೆಯುವುದಕ್ಕೆ ಇಟ್ಟುಕೊಳ್ಳುತ್ತಾಳೆ.

ತಾತ ಬಾಲ್ಕನಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಸಾಲಿಗೆ ಐದು ಮನೆ ಬರೆಯುತ್ತಾರೆ. ಚೌಕಾಬಾರ. ಕವಡೆ ಇಲ್ಲ. ಅಡುಗೆಮನೆಯಿಂದ ನಾಲ್ಕು ಹುಣಸೆಬೀಜ ಬರುತ್ತವೆ. ಅವನ್ನು ಕಲ್ಲಿನ ಮೇಲೆ ಉಜ್ಜಿ ಒಂದು ಮುಖ ಬೆಳ್ಳಗೆ ಮಾಡುವ ಕೆಲಸ ಮಕ್ಕಳದು. ಇಷ್ಟರಲ್ಲೇ ‘ಉಜ್ಜು’, ‘ಸಿಪ್ಪೆ’, ‘ಬಿಸಿ ಆಯ್ತು’, ‘ಜಾರುತ್ತೆ’ ಎಂಬ ಮಾತುಗಳು ಕೈಯಿಂದ ಕೈಗೆ ದಾಟುತ್ತವೆ. ಕಾಯಿಗಳಿಗೆ ತಾತನಿಗೆ ಕಡಲೆಬೀಜ, ಅಜ್ಜಿಗೆ ಗುಂಡಿ, ಮಕ್ಕಳಿಗೆ ಬಳೆಚೂರು ಮತ್ತು ಪೆನ್ನಿನ ಮುಚ್ಚಳ. ಬೆಳ್ಳಗಿನ ಮುಖ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕೆಳಗಾದರೆ ಬಾರ, ಅಂದರೆ ಎಂಟು. ಒಬ್ಬರ ಕಾಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ. ನಡುಮನೆ ತಲುಪಿದರೆ ಕಾಯಿ ಹಣ್ಣಾಗುತ್ತದೆ. ನಾಲ್ಕು ವರ್ಷದವನಿಗೆ ಈ ಹಣ್ಣಾಗುವ ಮಾತು ಬಹಳ ಹಿಡಿಸುತ್ತದೆ. ಪೆನ್ನಿನ ಮುಚ್ಚಳ ಹಣ್ಣಾದರೆ ತಿನ್ನಬಹುದೇ ಎಂದು ಕೇಳುತ್ತಾನೆ.

ಮೊಮ್ಮಗಳು ಮೊದಲು ಎಲ್ಲದಕ್ಕೂ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ತಾತ ಎರಡು ಬಿದ್ದಾಗ ಮೂರು ಮನೆ ನಡೆಸುತ್ತಾರೆ. ಅದು ಬೇಕೆಂದೇ ಮಾಡಿದ್ದು. ‘ಚೀಟಿಂಗ್!’ ಎಂಬ ಕೂಗು ಬರುತ್ತದೆ. ‘ಚೀಟಿಂಗ್ ಅಂದ್ರೆ ಏನು, ನಂಗೆ ಗೊತ್ತಿಲ್ಲಪ್ಪ’ ಎಂದು ತಾತ ಮುಗ್ಧರಾಗುತ್ತಾರೆ. ಅಜ್ಜಿ ಪಕ್ಕದಿಂದ ಪಿಸುಗುಡುತ್ತಾಳೆ: ‘ಮೋಸ ಅನ್ನು.’ ಮುಂದಿನ ಸಲ ಅವಳು ‘ತಾತ ಮೋಸ ಮಾಡಿದಳು!’ ಎನ್ನುತ್ತಾಳೆ. ಅಜ್ಜಿ ನಗುವುದೂ ಇಲ್ಲ, ತಿದ್ದುವುದೂ ಇಲ್ಲ. ‘ಹೌದಾ? ತಾತ ಮೋಸ ಮಾಡಿದ್ರಾ? ಎಲ್ಲಿ, ಹೇಗೆ ಮಾಡಿದ್ರು?’ ಎಂದು ಗಾಬರಿ ತೋರಿಸುತ್ತಾಳೆ. ಊಟದ ಹೊತ್ತಿಗೆ ಹುಡುಗಿಯ ಬಾಯಲ್ಲಿ ಇಡೀ ವಾಕ್ಯ ಕಟ್ಟಿಕೊಂಡಿರುತ್ತದೆ: ‘ತಾತ ಮೋಸ ಮಾಡಿದ್ರು. ಎರಡು ಬಿತ್ತು, ಮೂರು ಮನೆ ಹೋದ್ರು.’ ತಪ್ಪನ್ನು ಎತ್ತಿ ತೋರಿಸದೆ ಸರಿಯಾದ ರೂಪದಲ್ಲಿ ಅದೇ ಮಾತನ್ನು ಮರಳಿ ಹೇಳುವ ಈ ಕ್ರಮ ಮಕ್ಕಳ ಭಾಷಾಕಲಿಕೆಯ ಅಧ್ಯಯನಗಳಲ್ಲಿ ಬಹಳ ಚರ್ಚೆಯಾದ ಸಂಗತಿ. ಅಜ್ಜಿ ಆ ಅಧ್ಯಯನ ಯಾವುದನ್ನೂ ಓದಿಲ್ಲ. ಆಟ ನಿಲ್ಲಬಾರದು ಎಂಬುದಷ್ಟೇ ಅವಳ ಕಾಳಜಿ.

ಊಟವಾದ ಮೇಲೆ ಚಿಕ್ಕವನಿಗೆ ಉಪ್ಪಿನ ಮೂಟೆ ಬೇಕು. ಬೆನ್ನ ಮೇಲೆ ಹೊತ್ತು ತಿರುಗಲು ತಾತನ ಸೊಂಟ ಒಪ್ಪುವುದಿಲ್ಲ. ಆದ್ದರಿಂದ ಆಟ ತಲೆಕೆಳಗಾಗುತ್ತದೆ. ಹುಡುಗನೇ ವ್ಯಾಪಾರಿ, ದಿಂಬೇ ಮೂಟೆ. ಅವನು ಮೂಟೆ ಹೊತ್ತು ಅಡುಗೆಮನೆ ಬಾಗಿಲಿಗೆ ಬರುತ್ತಾನೆ. ‘ಉಪ್ಪು ಗಿಪ್ಪು ನಮ್ಗೆ ಬೇಡಪ್ಪ, ಬೆಲ್ಲ ಗಿಲ್ಲ ಇದ್ರೆ ಕೊಡು’ ಎನ್ನುತ್ತಾಳೆ ಅಜ್ಜಿ. ಅವನಿಗೆ ಒಂದು ಹೊಸ ಯಂತ್ರ ಸಿಕ್ಕಿದಂತಾಗುತ್ತದೆ. ಚಪ್ಪಲಿ ಗಿಪ್ಪಲಿ, ಬೆಕ್ಕು ಗಿಕ್ಕು, ಅಜ್ಜಿ ಗಿಜ್ಜಿ, ತಾತ ಗೀತ. ‘ತಾತ ಗೀತ’ ಎಂದಾಗ ಅಜ್ಜಿಗೆ ಯಾಕೆ ಅಷ್ಟು ನಗು ಬಂತೆಂದು ಅವನಿಗೆ ತಿಳಿಯುವುದಿಲ್ಲ. ಪಕ್ಕದ ಮನೆಯಲ್ಲಿ ಒಬ್ಬರು ಗೀತಾ ಇದ್ದಾರೆ.

ಈ ನಗುವಿನಲ್ಲಿ ಹುಡುಗ ಕಲಿತದ್ದು ಕನ್ನಡದ ಒಂದು ನಿಯಮ. ಯಾವ ಪದವಾದರೂ ಸರಿ, ಮೊದಲ ಅಕ್ಷರ ತೆಗೆದು ಅಲ್ಲಿ ‘ಗಿ’ ಇಟ್ಟು ಮರಳಿ ಹೇಳಿದರೆ ‘ಅದು, ಅಂಥದ್ದು’ ಎಂಬ ಅರ್ಥ ಬರುತ್ತದೆ. ಮೊದಲ ಸ್ವರ ದೀರ್ಘವಾಗಿದ್ದರೆ ‘ಗೀ’. ಇಂಥ ಪ್ರತಿಧ್ವನಿ ಪದಗಳು ಭಾರತದ ಭಾಷೆಗಳಲ್ಲೆಲ್ಲ ಇವೆ, ಅಕ್ಷರ ಮಾತ್ರ ಬದಲಾಗುತ್ತದೆ. ಮರಾಠಿಯವರು ಚಹಾ-ಬಿಹಾ ಎನ್ನುತ್ತಾರೆ, ಹಿಂದಿಯವರು ಚಾಯ್-ವಾಯ್ ಎನ್ನುತ್ತಾರೆ, ತೆಲುಗಿನಲ್ಲಿ ಕನ್ನಡದ ಹಾಗೆ ‘ಗಿ’ ಬರುತ್ತದೆ. ಪುಣೆಯಲ್ಲಿ ಬೆಳೆಯುವ ಮಗುವಿನ ಬಾಯಲ್ಲಿ ‘ಬಿ’ ಮತ್ತು ‘ಗಿ’ ಎರಡೂ ಇರಬಹುದು, ಅದು ಸಂಪತ್ತೇ. ಆದರೆ ಈ ‘ಗಿ’ ಯಾವ ವರ್ಕ್‌ಶೀಟಿನಲ್ಲೂ ಸಿಗುವುದಿಲ್ಲ. ಭಾನುವಾರದ ಕನ್ನಡ ತರಗತಿಯಲ್ಲಿ ಅ, ಆ, ಇ, ಈ ಸಿಗುತ್ತದೆ. ‘ಗಿ’ ಬರುವುದು ಆಟದಲ್ಲಿ, ಹರಟೆಯಲ್ಲಿ, ಚೌಕಾಸಿಯಲ್ಲಿ.

ಇನ್ನೂ ಚಿಕ್ಕ ಮಕ್ಕಳಿಗೆ ಬೇರೆಯದೇ ಪದಕೋಶವಿದೆ. ಬುವ್ವ, ತಾಚಿ, ಗುಮ್ಮ. ಇವನ್ನು ತೊದಲು ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಇವು ಮಕ್ಕಳು ಹುಟ್ಟಿಸಿದ ಪದಗಳಲ್ಲ, ಮಕ್ಕಳೊಂದಿಗೆ ಬಳಸಲು ದೊಡ್ಡವರು ಒಬ್ಬರಿಂದೊಬ್ಬರು ಕಲಿತ ಪದಗಳು. 1964ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯೂಸನ್ ಆರು ಭಾಷೆಗಳ ಇಂಥ ಮಾತನ್ನು ಹೋಲಿಸಿ ಬರೆದ ಲೇಖನ ಈ ವಿಷಯಕ್ಕೆ ಗಂಭೀರ ಸ್ಥಾನ ಕೊಟ್ಟಿತು. ಆ ಆರರಲ್ಲಿ ಮರಾಠಿಯೂ ಒಂದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪಾಠ ಮಾಡಿದ ಅಶೋಕ ಕೇಳಕರ್ ಅದೇ ವರ್ಷ ಮರಾಠಿಯ ಮಕ್ಕಳ ಮಾತಿನ ಬಗ್ಗೆಯೇ ಪ್ರತ್ಯೇಕ ಪ್ರಬಂಧ ಪ್ರಕಟಿಸಿದರು. ಎಳೆ ಮಗುವಿನ ಜೊತೆ ಆಡುವ ಮಾತಿಗೂ ಒಂದು ಪರಂಪರೆ ಇದೆ, ಅದಕ್ಕೂ ವಾರಸುದಾರರು ಬೇಕು. ಬುವ್ವ ಎಂದು ಯಾರೂ ಉಣ್ಣಿಸದ ಮಗು ಮುಂದೆ ತನ್ನ ಮಗುವಿಗೆ ಬುವ್ವ ಎನ್ನುವ ಸಂಭವ ಕಡಿಮೆ.

ಇಷ್ಟಕ್ಕೆ ಅಜ್ಜಿಯೇ ಯಾಕೆ, ಯೂಟ್ಯೂಬಿನಲ್ಲಿ ಬೇಕಾದಷ್ಟು ಕನ್ನಡ ಶಿಶುಗೀತೆಗಳಿವೆಯಲ್ಲ ಎಂದು ಕೇಳಬಹುದು. 2003ರಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಶಿಯಾ ಕೂಲ್ ಮತ್ತು ಸಹೋದ್ಯೋಗಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಭಾಷೆಯವರು ಕುಳಿತು ಆಟಿಕೆ, ಪುಸ್ತಕ ಹಿಡಿದು ಕೆಲವು ವಾರ ಮಾತಾಡಿದರು. ಆ ಕೂಸುಗಳು ಚೀನೀ ಧ್ವನಿಗಳ ಸೂಕ್ಷ್ಮ ವ್ಯತ್ಯಾಸ ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದ ಅಥವಾ ಧ್ವನಿಮುದ್ರಿಕೆಯಲ್ಲಿ ಕೇಳಿಸಿದ ಕೂಸುಗಳು ಕಲಿಯಲಿಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಮುಂದಿನ ಮಾತು ಸೇರಿಸಿತು. ಎರಡು ದಾಟಿದ ಮಕ್ಕಳು ಮುಖಾಮುಖಿ ಮಾತಿನಿಂದ ಹೊಸ ಕ್ರಿಯಾಪದ ಕಲಿತಂತೆ ವಿಡಿಯೋ ಕರೆಯಿಂದಲೂ ಕಲಿತರು, ಮೊದಲೇ ಚಿತ್ರಿಸಿಟ್ಟ ವಿಡಿಯೋದಿಂದ ಕಲಿಯಲಿಲ್ಲ. ಅಂದರೆ ತೊಡಕು ಪರದೆಯದ್ದಲ್ಲ. ಎದುರಿಗಿರುವವರು ಮಗುವಿನ ಮಾತಿಗೆ ಮರುಮಾತು ಕೊಡುತ್ತಾರೋ ಇಲ್ಲವೋ ಎಂಬುದು ಮುಖ್ಯ. ಊರಿನಲ್ಲಿ ಕುಳಿತ ಅಜ್ಜಿ ವಿಡಿಯೋ ಕರೆಯಲ್ಲಿ ‘ಊಟ ಆಯ್ತಾ’ ಎಂದು ಮೂರು ಸಲ ಕೇಳುವುದಕ್ಕಿಂತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ‘ಅಜ್ಜಿ ಎಲ್ಲಿ?’ ಎಂದರೆ ಹೆಚ್ಚು ಕನ್ನಡ ದಾಟುತ್ತದೆ.

ಹಿರಿಯರ ಜೊತೆಗಿನ ಆಟವನ್ನೇ ಭಾಷೆಯ ನೆಲೆಯಾಗಿ ಮಾಡಿಕೊಂಡ ಒಂದು ಸಮಾಜವೂ ಇದೆ. ನ್ಯೂಜಿಲೆಂಡಿನ ಮಾವೊರಿ ಜನರ ನಡುವಿನ ತಲೆಮಾರು ಇಂಗ್ಲಿಷಿನಲ್ಲೇ ಬೆಳೆದಿತ್ತು. ಮಾವೊರಿ ಸರಾಗವಾಗಿ ಬರುತ್ತಿದ್ದುದು ಹೆಚ್ಚಾಗಿ ಅಜ್ಜ-ಅಜ್ಜಿಯರಿಗೆ. 1982ರಲ್ಲಿ ಅವರು ‘ಕೋಹಂಗ ರೆಯೊ’ ಎಂಬ ಶಿಶುಕೇಂದ್ರಗಳನ್ನು ತೆರೆದರು. ಹೆಸರಿನ ಅರ್ಥ ಭಾಷೆಯ ಗೂಡು. ಅಲ್ಲಿ ಹಿರಿಯರು ಮಕ್ಕಳೊಂದಿಗೆ ದಿನವಿಡೀ ಮಾವೊರಿಯಲ್ಲೇ ಆಡುತ್ತಿದ್ದರು, ಹಾಡುತ್ತಿದ್ದರು, ಉಣ್ಣುತ್ತಿದ್ದರು. ಕೆಲವೇ ವರ್ಷಗಳಲ್ಲಿ ದೇಶದಾದ್ಯಂತ ನೂರಾರು ಗೂಡುಗಳಾದವು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಕನ್ನಡದ ಸ್ಥಿತಿ ಮಾವೊರಿಯದ್ದಲ್ಲ. ಕೋಟಿಗಟ್ಟಲೆ ಜನರ, ರಾಜ್ಯವೊಂದರ ಆಡಳಿತದ ಭಾಷೆ ಇದು. ಆದರೆ ಚೆನ್ನೈಯ ಅಥವಾ ದೆಹಲಿಯ ಒಂದು ಮನೆಯೊಳಗೆ ಆ ಕೋಟಿ ಜನ ಇರುವುದಿಲ್ಲ. ಅಲ್ಲಿ ಇರುವವರು ನಾಲ್ಕೋ ಆರೋ ಮಂದಿ. ಜೋಶುವಾ ಫಿಶ್‌ಮನ್ 1991ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಶಾಲೆ, ಪತ್ರಿಕೆ, ಸರ್ಕಾರದ ಬೆಂಬಲ ಎಷ್ಟಿದ್ದರೂ ಮನೆಯೊಳಗೆ ಒಂದು ತಲೆಮಾರು ಇನ್ನೊಂದಕ್ಕೆ ಕೊಡದ ಭಾಷೆ ನಿಲ್ಲುವುದು ಕಷ್ಟ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ನ್ಯಾಯವಾದದ್ದು. ಅಜ್ಜ-ಅಜ್ಜಿಯರು ಭಾಷೆ ಉಳಿಸುವ ಯಂತ್ರಗಳೇ? ಅರವತ್ತೈದು ದಾಟಿದವರಿಗೆ ತಮ್ಮದೇ ಆದ ವಾಕಿಂಗ್, ಭಜನೆ, ಗೆಳೆಯರು, ಮಧ್ಯಾಹ್ನದ ನಿದ್ದೆ ಬೇಡವೇ? ಮಗಳ ಸಂಸಾರ ತೂಗಿಸಿದ್ದು ಸಾಲದೆಂದು ಈಗ ಕನ್ನಡವನ್ನೂ ಅವರ ತಲೆಗೆ ಕಟ್ಟಬೇಕೇ? ಕಟ್ಟಬಾರದು. ಇಲ್ಲಿ ಕೇಳುತ್ತಿರುವುದು ಇನ್ನೊಂದು ಕೆಲಸವನ್ನು ಸೇರಿಸಿ ಎಂದಲ್ಲ, ಇರುವ ಕೆಲಸಗಳನ್ನು ಇಳಿಸಿ ಎಂದು. ‘ಅಮ್ಮ, ಇವಳಿಗೆ ದಿನಾ ಅರ್ಧ ಗಂಟೆ ಕನ್ನಡ ಹೇಳಿಕೊಡಿ’ ಎಂದರೆ ಟಿಫಿನ್ನಿನ ಪಕ್ಕ ಇನ್ನೊಂದು ಡ್ಯೂಟಿ ಬಂತು. ‘ಅಮ್ಮ, ಭಾನುವಾರ ಅಡುಗೆ, ಬಟ್ಟೆ ಎಲ್ಲ ನಾವು ನೋಡ್ಕೋತೀವಿ, ನೀವು ಮಕ್ಕಳು ಏನು ಬೇಕಾದರೂ ಮಾಡ್ಕೊಳ್ಳಿ’ ಎಂದರೆ ಬೇರೆ ಮಾತು. ‘ಇವತ್ತು ಆಗಲ್ಲಮ್ಮ, ಸುಸ್ತು’ ಎಂದು ಹೇಳುವ ಸ್ವಾತಂತ್ರ್ಯವೂ ಅವರಿಗೆ ಇರಬೇಕು. ಒಲ್ಲದ ಮನಸ್ಸಿನಿಂದ ಆಡುವವರ ಜೊತೆ ಆಡಲು ಮಕ್ಕಳಿಗೂ ಇಷ್ಟವಿರುವುದಿಲ್ಲ, ಅದು ಅವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಎರಡನೆಯ ಆಕ್ಷೇಪ: ಹೇಳುವುದು ಸುಲಭ, ಅಜ್ಜ-ಅಜ್ಜಿಯನ್ನು ಬಿಟ್ಟರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಇದು ಬರೀ ಮನೆಯೊಳಗಿನ ಪ್ರಶ್ನೆಯಲ್ಲ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಕೊಟ್ಟಿತು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕೆಂದು ವಿಧಿಸಿತು. ಆದರೆ ಅಪ್ಪನಿಗೆ ಆ ಕಾಯ್ದೆಯಲ್ಲಿ ರಜೆ ಇರಲಿಲ್ಲ. ಚಿಕ್ಕ ಸಂಸ್ಥೆಗಳಲ್ಲಿ, ಗುತ್ತಿಗೆಯಲ್ಲಿ, ಮನೆಯಿಂದ ಬಿಡಿ ಕೆಲಸ ಮಾಡುವವರಿಗೆ ಇದು ತಲುಪುವುದಿಲ್ಲ. 26 ವಾರ ಮುಗಿದ ಮೇಲೆ ಎದುರಾಗುವ ವರ್ಷಗಳ ತೆರವನ್ನು ತುಂಬುವವರು ಅಜ್ಜಿಯರು. ಹಾಗಿರುವಾಗ ಅವರ ದುಡಿಮೆಯನ್ನು ಆಟ ಎಂದು ಕರೆಯುವುದರಲ್ಲಿ ಒಂದು ಅನುಕೂಲವಿದೆ: ಆಟಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಆಫೀಸಿನ ಹತ್ತಿರದ ಶಿಶುಪಾಲನಾ ಕೇಂದ್ರಕ್ಕೆ ಒತ್ತಾಯಿಸುವ ಜರೂರೂ ಕಾಣುವುದಿಲ್ಲ, ಅಳಿಯನೋ ಮಗನೋ ಬೆಳಗಿನ ಡಬ್ಬಿ ಕಟ್ಟುವ ಪ್ರಶ್ನೆಯೂ ಏಳುವುದಿಲ್ಲ. ದುಡಿಮೆಯನ್ನು ದುಡಿಮೆ ಎಂದು ಕರೆದರೆ ಅದನ್ನು ಹಂಚಿಕೊಳ್ಳುವ ಮಾತು ಶುರುವಾಗುತ್ತದೆ. ಎಲ್ಲವನ್ನೂ ಇಳಿಸಲಾಗದ ಮನೆಗಳು ಬಹಳ. ಆದರೆ ವಾರಕ್ಕೊಂದು ದಿನವನ್ನು ಬಿಡಿಸಿಕೊಳ್ಳಲಾಗದ ಮನೆಗಳು ಅಷ್ಟಿಲ್ಲ.

ಈ ಚರ್ಚೆ ಮಧ್ಯಮವರ್ಗದ ಫ್ಲ್ಯಾಟುಗಳಲ್ಲೇ ನಿಂತರೆ ಅರ್ಧ ಚಿತ್ರ ಕಾಣುವುದಿಲ್ಲ. ಅದೇ ಪುಣೆ, ಮುಂಬೈ, ಹೈದರಾಬಾದುಗಳಲ್ಲಿ ಕಟ್ಟಡ ಕಟ್ಟುವ ಕೆಲಸಕ್ಕೆ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದ ಕನ್ನಡಿಗರಿದ್ದಾರೆ. ಅಲ್ಲಿ ಅಜ್ಜಿ ನಗರಕ್ಕೆ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳೇ ಊರಿನಲ್ಲಿ ಅಜ್ಜಿಯ ಬಳಿ ಉಳಿಯುತ್ತಾರೆ, ಅಪ್ಪ-ಅವ್ವ ಹಬ್ಬಕ್ಕೋ ಜಾತ್ರೆಗೋ ಬಂದು ಹೋಗುತ್ತಾರೆ. ಈ ಮಕ್ಕಳ ಕನ್ನಡಕ್ಕೆ ಕುತ್ತಿಲ್ಲ. ಕಥೆ, ಒಗಟು, ಬೈಗುಳ ಎಲ್ಲ ಸಮೃದ್ಧವಾಗಿದೆ. ಅವರಿಗೆ ಕಡಿಮೆಯಾಗಿರುವುದು ಅವ್ವ. ಅಜ್ಜಿಗೂ ಅಲ್ಲಿ ಆಡಿಸುವ ಬಿಡುವಿಲ್ಲ, ಅವಳಿಗೆ ಹೊಲದ ಕೂಲಿಯೂ ಇದೆ. 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ಗಳು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಗಮನದಲ್ಲಿಟ್ಟುಕೊಂಡವು. ಇಂಥ ಮನೆಗಳು ನಗರದ ಕಟ್ಟಡಗಳ ಬುಡದಲ್ಲೂ ಬೇಕು. ವಾಕಡ್‌ನ ಫ್ಲ್ಯಾಟಿನ ಅಜ್ಜಿಗೆ ವಾರಕ್ಕೊಂದು ದಿನ ಆಡಲು ಬಿಡುವು ಬೇಕು ಎಂದು ಕೇಳುವವರು, ಆ ಫ್ಲ್ಯಾಟನ್ನು ಕಟ್ಟಿದವರ ಮಕ್ಕಳು ಯಾರ ಜೊತೆ ಆಡುತ್ತಾರೆ ಎಂದೂ ಕೇಳಬೇಕಾಗುತ್ತದೆ.

ಮೂರನೆಯ ಮಾತು ಎರಡು ಭಾಷೆಯ ಮನೆಗಳದ್ದು. ಅಮ್ಮ ಕನ್ನಡದವಳು, ಅಪ್ಪ ಮರಾಠಿ ಅಥವಾ ತಮಿಳಿನವನು. ಇಲ್ಲಿ ಕನ್ನಡದ ಅಜ್ಜಿಯನ್ನು ಕಂಡರೆ ಇನ್ನೊಂದು ಕಡೆಯವರಿಗೆ ಸಣ್ಣ ಅಳುಕು, ಇವರಿಗೆ ಇನ್ನೊಂದು ಅಳುಕು. ಕೊನೆಗೆ ಜಗಳವೇ ಬೇಡವೆಂದು ಎಲ್ಲರೂ ಸೇರಿ ಮಗುವಿನ ಜೊತೆ ಇಂಗ್ಲಿಷಿಗೆ ಇಳಿಯುತ್ತಾರೆ. ಎರಡೂ ಕಡೆ ಬರದ ಇಂಗ್ಲಿಷಿನಲ್ಲಿ ಎರಡೂ ಅಜ್ಜಿಯರು ‘ಕಮ್, ಈಟ್’ ಎನ್ನುತ್ತಾರೆ. ಹರಿದ ಇಂಗ್ಲಿಷಿನಲ್ಲಿ ಯಾರಿಗೂ ಚೌಕಾಸಿ ಮಾಡಲು, ಕಥೆ ಕಟ್ಟಲು, ಮೋಸ ಮಾಡಿ ಸಿಕ್ಕಿಬೀಳಲು ಆಗುವುದಿಲ್ಲ. ತಮ್ಮ ಭಾಷೆ ಬಿಟ್ಟ ಹಿರಿಯರು ಮಗುವಿನ ಕಣ್ಣಿಗೆ ಪೆದ್ದರಾಗಿ ಕಾಣುತ್ತಾರೆ. ಎರಡು ಅಜ್ಜಿಯರಿದ್ದರೆ ಎರಡು ಭಾಷೆಯ ಆಟ ಇರಲಿ. ಮಕ್ಕಳಿಗೆ ಅದು ಭಾರವಾಗುವುದಿಲ್ಲ. ಯಾರ ಜೊತೆ ‘ಗಿ’, ಯಾರ ಜೊತೆ ‘ಬಿ’ ಎಂಬ ಲೆಕ್ಕ ಅವರಿಗೆ ಬೇಗ ಸಿಗುತ್ತದೆ.

ಹೊರನಾಡಿನ ಕನ್ನಡ ಸಂಘಗಳಿಗೂ ಇದರಲ್ಲಿ ಒಂದು ಪಾಲಿದೆ. ನವೆಂಬರಿನ ವೇದಿಕೆಯಲ್ಲಿ ಮಕ್ಕಳು ಹಾಡುತ್ತಾರೆ. ಎಷ್ಟೋ ಸಲ ಅವರ ಕೈಯಲ್ಲಿ ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದ ಚೀಟಿ ಇರುತ್ತದೆ. ಚಪ್ಪಾಳೆ ಬೀಳುತ್ತದೆ, ಕೆಳಗಿಳಿದು ಬಂದ ಮಗು ‘ಹೇಗಿತ್ತು’ ಎಂದು ಹಿಂದಿಯಲ್ಲಿ ಕೇಳುತ್ತದೆ. ವರ್ಷಕ್ಕೊಂದು ಹಾಡಿನ ಜೊತೆಗೆ ತಿಂಗಳಿಗೊಂದು ಮಧ್ಯಾಹ್ನವನ್ನು ಸಂಘದ ಹಾಲಿನಲ್ಲಿ ಆಟಕ್ಕೆ ಬಿಡಬಹುದು. ಖರ್ಚು ಹೆಚ್ಚಿಲ್ಲ. ನೆಲ, ಸೀಮೆಸುಣ್ಣ, ಕವಡೆ, ಒಂದೆರಡು ಅಳಗುಳಿಮಣೆ, ಕೂರಲಾಗದ ಹಿರಿಯರಿಗೆ ಕುರ್ಚಿ. ಊರಿಂದ ಬಂದು ನಾಲ್ಕು ಗೋಡೆ ನಡುವೆ ಬೇಸರಪಡುವ ಹಿರಿಯರೂ, ಅಜ್ಜ-ಅಜ್ಜಿ ಹತ್ತಿರ ಇಲ್ಲದ ಮಕ್ಕಳೂ ಒಂದೇ ನಗರದಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದ್ದಾರೆ. ಅಲ್ಲಿ ಒಂದೇ ನಿಯಮ ಸಾಕು: ಪಾಠ ಮಾಡುವಂತಿಲ್ಲ.

ಅಜ್ಜ-ಅಜ್ಜಿ ಊರಿಗೆ ಮರಳಿದ ಮೇಲೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಅದರ ಉತ್ತರ ಅಪ್ಪ-ಅಮ್ಮನ ಬಳಿ ಇದೆ. ನೆಲದ ಮೇಲಿನ ಸೀಮೆಸುಣ್ಣದ ಮನೆಗಳನ್ನು ಸೋಮವಾರವೇ ಒರೆಸಿಬಿಟ್ಟರೆ, ಮೂರು ತಿಂಗಳ ಕನ್ನಡ ಇನ್ನು ಮೂರು ತಿಂಗಳಲ್ಲಿ ಮಾಸುತ್ತದೆ. ಅವನ್ನು ಹಾಗೆಯೇ ಉಳಿಸಿ, ರಾತ್ರಿ ಊಟವಾದ ಮೇಲೆ ಒಂದು ಆಟ ಆಡಿದರೆ, ಮಗಳು ಅಪ್ಪನಿಗೆ ನಿಯಮ ಹೇಳಿಕೊಡುತ್ತಾಳೆ. ಚೌಕ ಎಂದರೇನು, ಕಾಯಿ ಯಾವಾಗ ಹಣ್ಣಾಗುತ್ತದೆ ಎಂದು ಅವಳು ಹೇಳುವುದು ಅವಳು ಕಲಿತ ಭಾಷೆಯಲ್ಲೇ. ಅಪ್ಪ ಹಿಂದಿಯಲ್ಲಿ ಕೇಳಿದರೂ ಆ ಪದಗಳಿಗೆ ಅವಳಲ್ಲಿ ಬೇರೆ ಹೆಸರಿಲ್ಲ.

ಮಗುವಿಗೆ ಕನ್ನಡ ಬರುತ್ತದೆಯೇ ಎಂದು ತಿಳಿಯಲು ಅದಕ್ಕೆ ವರ್ಣಮಾಲೆ ಒಪ್ಪಿಸಲು ಹೇಳಬೇಕಾಗಿಲ್ಲ. ಅದು ಕೊನೆಯ ಸಲ ಕನ್ನಡದಲ್ಲಿ ಜಗಳ ಆಡಿದ್ದು ಯಾವಾಗ ಎಂದು ಮನೆಯವರು ನೆನಪಿಸಿಕೊಂಡರೆ ಸಾಕು. ನೆನಪಾಗದಿದ್ದರೆ, ಮುಂದಿನ ಸರದಿಗೆ ಊರಿಂದ ಹಿರಿಯರಿಗೆ ಟಿಕೆಟ್ ಮಾಡಿಸುವಾಗ ಒಂದು ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು: ಅವರು ಬರುತ್ತಿರುವುದು ಕೆಲಸಕ್ಕೋ, ಮೊಮ್ಮಕ್ಕಳ ಜೊತೆ ಆಡುವುದಕ್ಕೋ.